ಆರು ಸಂಪುಟದ ಆತ್ಮಕಥಾ ಕಾದಂಬರಿಯನ್ನು ಹೋಲಿಸಿ ಓದುವುದು ಹೇಗೆ? ಕಿರ್ದಿ-ಖತಾವಣಿ ವಿಧಾನ, ಹಂತ ಹಂತವಾಗಿ

ನಮ್ಮಪ್ಪ ವಿಜಯಪುರದ ಒಂದು ಅಡತಿ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದರು. ಅವರ ಮುಂದೆ ಯಾವಾಗಲೂ ಕೆಂಪು ಬಟ್ಟೆಯ ಎರಡು ವಹಿ ಇರುತ್ತಿದ್ದವು. ಒಂದು ಕಿರ್ದಿ. ಅದರಲ್ಲಿ ದಿನದ ವ್ಯವಹಾರ ನಡೆದ ಹಾಗೇ ಬರೆಯುವುದು: ಯಾರು ಜೋಳ ತಂದರು, ಯಾರಿಗೆ ಎಷ್ಟು ಉದ್ರಿ ಹೋಯಿತು, ಹಮಾಲರಿಗೆ ಎಷ್ಟು ಕೊಟ್ಟದ್ದು. ಇನ್ನೊಂದು ಖತಾವಣಿ. ಅದರಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಪುಟ. ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದ ಮೇಲೆ ಅಪ್ಪ ಕಿರ್ದಿಯಿಂದ ಒಂದೊಂದೇ ಸಾಲು ಎತ್ತಿ ಅವರವರ ಪುಟಕ್ಕೆ ಹಾಕುತ್ತಿದ್ದರು. ಆಗ ಮಾತ್ರ ಗೊತ್ತಾಗುತ್ತಿತ್ತು, ಯಾರ ಜೊತೆ ನಮ್ಮ ಸಂಬಂಧ ಎಲ್ಲಿಗೆ ಬಂದಿದೆ ಅಂತ.

ಇದನ್ನು ಇಲ್ಲಿ ಹೇಳಲು ಕಾರಣ ಇದೆ. ಎರಡು ಬೇಸಿಗೆ ರಜೆಯಲ್ಲಿ ‘ನನ್ನ ಹೋರಾಟ’ ಅನ್ನುವ ನಾರ್ವೆಯ ಒಂದು ದೊಡ್ಡ ಆತ್ಮಕಥಾ ಕಾದಂಬರಿಯ ಆರೂ ಸಂಪುಟ ಓದಿ ಮುಗಿಸಿದೆ. ಹಗಲು ಸೆಖೆಗೆ ಆಗುತ್ತಿರಲಿಲ್ಲ, ರಾತ್ರಿ ಮಾಳಿಗೆ ಮೇಲೆ ಓದಿದ್ದೇ ಜಾಸ್ತಿ. ಮುಗಿದ ದಿನ ಪಕ್ಕದ ಮನೆಯ ಹುಡುಗ, ಎಂ.ಎ. ಓದುತ್ತಿದ್ದಾನೆ, ಕೇಳಿದ: "ಅಕ್ಕಾರ, ಆರರಾಗ ಯಾವುದು ಛಲೋ ಐತಿ ಹೇಳ್ರಿ, ಅದೊಂದ ಓದತೀನಿ." ನನಗೆ ಉತ್ತರ ಹೊಳೆಯಲಿಲ್ಲ. ಮೊದಲನೆಯದು ಅಂದೆ, ತಕ್ಷಣ ಮೂರನೆಯದು ನೆನಪಾಯಿತು, ಆಮೇಲೆ ಐದನೆಯದರಲ್ಲಿ ಬರುವ ಮಳೆ. ಸಾವಿರಾರು ಪುಟ ಓದಿಯೂ ಹೇಳಲು ಆಗಲಿಲ್ಲ, ಯಾಕಂದರೆ ಓದಿದ್ದು ಬರೀ ಕಿರ್ದಿ. ಖತಾವಣಿ ಬರೆದಿರಲಿಲ್ಲ. ಮರುದಿನ ಒಂದು 200 ಪುಟದ ನೋಟ್‌ಬುಕ್ ತಂದು ಮತ್ತೆ ಶುರು ಮಾಡಿದೆ. ಆ ಕೆಲಸ ಮಾಡುವಾಗ ಕಲಿತದ್ದನ್ನೆಲ್ಲ ಕೆಳಗೆ ಇಡುತ್ತಿದ್ದೇನೆ.

ಮೊದಲು: ಯಾವ ಸರಣಿ, ಯಾವ ಮುದ್ರಣ

ನಾನು ಉದಾಹರಣೆಗೆ ಇಟ್ಟುಕೊಂಡಿರುವುದು ನಾರ್ವೆಯ ಕಾರ್ಲ್ ಓವೆ ಕ್ನೌಸ್‌ಗಾರ್ಡ್ ಬರೆದ ‘ಮಿನ್ ಕಾಂಪ್’, ಅಂದರೆ ‘ನನ್ನ ಹೋರಾಟ’. ಒಟ್ಟು 6 ಸಂಪುಟ, ಮೂಲದಲ್ಲಿ ಸುಮಾರು 3,600 ಪುಟ. ಮೊದಲ ಮೂರು 2009ರಲ್ಲಿ ಬಂದವು, 4 ಮತ್ತು 5 ಮರುವರ್ಷ, ಕೊನೆಯದು 2011ರಲ್ಲಿ. ಇಂಗ್ಲಿಷಿನಲ್ಲಿ 2012ರಿಂದ 2018ರವರೆಗೆ ಒಂದೊಂದಾಗಿ ಬಂದವು. ಅನುವಾದಕ ಡಾನ್ ಬಾರ್ಟ್‌ಲೆಟ್, ಆರನೆಯದಕ್ಕೆ ಮಾತ್ರ ಮಾರ್ಟಿನ್ ಏಟ್ಕೆನ್ ಜೊತೆಯಾದರು. ನಾನು ಓದಿದ್ದು ಇಂಗ್ಲಿಷಿನಲ್ಲೇ. ಭಾಷೆ ಕಷ್ಟ ಇಲ್ಲ. ಪಿಯುಸಿ ಮಟ್ಟದ ಇಂಗ್ಲಿಷ್ ಇದ್ದವರು ಧೈರ್ಯವಾಗಿ ಕೈ ಹಾಕಬಹುದು. ಅಡುಗೆ ಮಾಡಿದ್ದು, ಬಟ್ಟೆ ಒಗೆದದ್ದು, ಮಗುವನ್ನು ಕೂಸುಗಾಡಿಯಲ್ಲಿ ತಳ್ಳಿಕೊಂಡು ಹೋದದ್ದು, ಎಲ್ಲ ದಿನಬಳಕೆಯ ಮಾತಲ್ಲೇ ಇದೆ.

ಕೊಳ್ಳುವಾಗ ಒಂದು ಎಚ್ಚರಿಕೆ. ಬ್ರಿಟನ್ನಿನ ಮುದ್ರಣದಲ್ಲಿ ಪ್ರತಿ ಸಂಪುಟಕ್ಕೂ ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ. ಅಮೆರಿಕದ್ದರಲ್ಲಿ ಸಂಪುಟದ ಸಂಖ್ಯೆಯೇ ಮುಂದೆ ಕಾಣುತ್ತದೆ. ನಾನು ಆನ್‌ಲೈನ್‌ನಲ್ಲಿ ಹಳೆ ಪುಸ್ತಕ ಮಾರುವ ಒಂದು ಕಡೆ ಎರಡು ಬೇರೆ ಪುಸ್ತಕ ಅಂದುಕೊಂಡು ಒಂದೇ ಸಂಪುಟವನ್ನು ಎರಡು ಸಲ ತರಿಸಿಕೊಂಡೆ, ಹಣ ವಾಪಸ್ ಬರಲಿಲ್ಲ. ಹಾಗಾಗಿ ಆರ್ಡರ್ ಮಾಡುವ ಮುಂಚೆ ಒಳಪುಟದ ಫೋಟೋ ಕೇಳಿ, ಎಷ್ಟನೇ ಸಂಪುಟ ಅಂತ ನೋಡಿ. ಸಾಧ್ಯವಾದರೆ ಆರೂ ಒಂದೇ ಮುದ್ರಣದ್ದು ಇರಲಿ. ಆಮೇಲೆ ಪುಟ ಎಣಿಸುವ ಕೆಲಸ ಇದೆ, ಬೇರೆ ಬೇರೆ ಅಳತೆಯ ಪುಸ್ತಕ ಇದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಮೊಬೈಲಲ್ಲಿ ಓದುವವರು ಪುಟದ ಬದಲು ಶೇಕಡಾ ಬರೆದುಕೊಳ್ಳಿ.

ಆರು ಸಂಪುಟ ಜಾಸ್ತಿ ಆಯಿತು ಅನಿಸಿದರೆ ಇದೇ ವಿಧಾನವನ್ನು ಟಾಲ್‌ಸ್ಟಾಯ್ ಬರೆದ ಮೂರು ಸಣ್ಣ ಪುಸ್ತಕಗಳ ಮೇಲೆ ಮೊದಲು ಪ್ರಯೋಗ ಮಾಡಿ. ಬಾಲ್ಯ, ಹುಡುಗತನ, ಯೌವನ ಅಂತ 1852, 1854, 1857ರಲ್ಲಿ ಬಂದವು. ಒಂದು ತಿಂಗಳಲ್ಲಿ ಮುಗಿಯುತ್ತವೆ.

ಹಂತ 1: ಎರಡು ಕಾಲದ ಪಟ್ಟಿ ಬರೆಯಿರಿ

ಆತ್ಮಕಥಾ ಕಾದಂಬರಿಯಲ್ಲಿ ಎರಡು ಗಡಿಯಾರ ಓಡುತ್ತಿರುತ್ತವೆ. ಒಂದು, ಕಥೆ ನಡೆದ ಕಾಲ. ಇನ್ನೊಂದು, ಅದನ್ನು ಬರೆಯುತ್ತಿರುವ ಕಾಲ. ಸಂಪುಟಗಳನ್ನು ಹೋಲಿಸುವವರು ಹೆಚ್ಚಾಗಿ ಮೊದಲನೆಯದನ್ನೇ ನೋಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕಥೆಯ ಕಾಲ ಬರೆಯಿರಿ. ನನ್ನ ಪುಟ ಹೀಗಿದೆ. ಸಂಪುಟ 1: ಮೊದಲ ಅರ್ಧದಲ್ಲಿ ಹೆಚ್ಚಾಗಿ ಹದಿಹರೆಯ, ಎರಡನೇ ಅರ್ಧದಲ್ಲಿ 1998ರಲ್ಲಿ ಲೇಖಕನ ಅಪ್ಪ ತೀರಿಕೊಂಡಾಗಿನ ದಿನಗಳು, ಕ್ರಿಸ್ಟಿಯಾನ್‌ಸಾಂಡ್ ಊರಿನ ಅಜ್ಜಿ ಮನೆ. ಸಂಪುಟ 2: ಸ್ವೀಡನ್, ಲಿಂಡಾ ಜೊತೆ ಪ್ರೀತಿ, ಮೂವರು ಮಕ್ಕಳು, ಸಂಸಾರ. ಸಂಪುಟ 3: ಟ್ರೋಮೋಯಾ ದ್ವೀಪದಲ್ಲಿ ಬಾಲ್ಯ, 1969ರಿಂದ. ಸಂಪುಟ 4: ಹದಿನೆಂಟನೇ ವಯಸ್ಸಿಗೆ ಉತ್ತರ ನಾರ್ವೆಯ ಮೀನುಗಾರರ ಹಳ್ಳಿಯೊಂದರಲ್ಲಿ ಒಂದು ವರ್ಷ ಮೇಷ್ಟ್ರು ಕೆಲಸ. ಸಂಪುಟ 5: ಬರ್ಗೆನ್ ಊರಿನ 14 ವರ್ಷ, 1988ರಿಂದ 2002. ಸಂಪುಟ 6: ಇದೇ ಪುಸ್ತಕಗಳು ಹೊರಬರುವ ಹೊತ್ತಿನ ಕಥೆ.

ಅಂದರೆ ಬದುಕು ನಡೆದ ಕ್ರಮದಲ್ಲಿ ಜೋಡಿಸಿದರೆ 3, ಆಮೇಲೆ 1ರ ಮೊದಲರ್ಧ, 4, 5, ಆ ಐದರ ಹೊಟ್ಟೆಯೊಳಗೇ 1ರ ಎರಡನೇ ಅರ್ಧ, ಕೊನೆಗೆ 2 ಮತ್ತು 6. ಲೇಖಕ ಬಾಲ್ಯದಿಂದ ಶುರು ಮಾಡಲಿಲ್ಲ, ಸಾವಿನಿಂದ ಶುರು ಮಾಡಿದ. ಇದೇ ನಿಮ್ಮ ಮೊದಲ ಟಿಪ್ಪಣಿ ಆಗಬೇಕು.

ಎರಡನೇ ಪುಟದಲ್ಲಿ ಬರೆದ ಕಾಲ. ಇದಕ್ಕೆ ಪುಸ್ತಕದಲ್ಲೇ ಆಧಾರ ಸಿಗುತ್ತದೆ. ಮೊದಲ ಸಂಪುಟದಲ್ಲಿ ಒಂದು ಕಡೆ ಇವತ್ತು 2008ರ ಫೆಬ್ರವರಿ 27, ರಾತ್ರಿ 11.43 ಅಂತ ಬರೆದಿದ್ದಾನೆ. ಆರನೆಯದರ ಕೊನೆಗೆ 2011ರ ಸೆಪ್ಟೆಂಬರ್ 2. ಎರಡರ ನಡುವೆ ಮೂರೂವರೆ ವರ್ಷ. ಹುಟ್ಟಿದ್ದು 1968ರ ಡಿಸೆಂಬರ್, ಹಾಗಾಗಿ ಶುರು ಮಾಡಿದಾಗ 39, ಮುಗಿಸಿದಾಗ 42. ಮೊದಲೆರಡು ಸಂಪುಟ ಬರೆಯುವಾಗ ಅವನು ಏನು ಮಾಡುತ್ತಿದ್ದಾನೆ ಅಂತ ಹೊರಗೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆಮೇಲಿನವು ಪತ್ರಿಕೆಗಳ ಗದ್ದಲ, ನೆಂಟರ ಸಿಟ್ಟು ಇವುಗಳ ನಡುವೆ ಬಂದವು. ಅಪ್ಪನ ಕಡೆಯ 14 ಮಂದಿ ಸಂಬಂಧಿಕರು ಸೇರಿ ಪತ್ರಿಕೆಗೆ ಕಾಗದ ಬರೆದು ಈ ಪುಸ್ತಕವನ್ನು ಖಂಡಿಸಿದರು. ಇದನ್ನು ಬರೆದುಕೊಳ್ಳದೆ 1ಕ್ಕೂ 4ಕ್ಕೂ ಧಾಟಿ ಯಾಕೆ ಬೇರೆ ಅಂತ ಕೇಳಿದರೆ ಉತ್ತರ ಅರ್ಧವೇ ಸಿಗುತ್ತದೆ.

ಹಂತ 2: ಖತಾವಣಿ ತೆರೆಯಿರಿ

ನಮ್ಮಪ್ಪ ಸ್ಕೇಲ್ ಹಿಡಿದು ಗೆರೆ ಎಳೆದದ್ದು ನಾನು ನೋಡಿಲ್ಲ. ಹಾಳೆಯನ್ನು ಉದ್ದಕ್ಕೆ ಎರಡು ಸಲ ಮಡಿಚಿ, ಉಗುರಿನಿಂದ ಒತ್ತಿ ಬಿಡಿಸುತ್ತಿದ್ದರು. ಮಡಿಕೆಯ ಗುರುತೇ ಕಾಲಂ. ನಾಲ್ಕು ಕಾಲಂ ಸಿಗುತ್ತಿದ್ದವು. ನೀವೂ ಹಾಗೇ ಮಾಡಿ, ನಾಲ್ಕು ಸಾಕು: ಸಂಪುಟ ಮತ್ತು ಪುಟ, ಆಗ ನಾಯಕನ ವಯಸ್ಸು, ಏನಾಯಿತು, ಎಷ್ಟು ಜಾಗ ಕೊಟ್ಟಿದ್ದಾನೆ.

ಎಲ್ಲ ಪಾತ್ರಗಳಿಗೂ ಖಾತೆ ತೆರೆಯಬೇಡಿ. ನಾನು ಮೊದಲು ಇಪ್ಪತ್ತೆರಡು ಹೆಸರು ಬರೆದೆ, ಹತ್ತೇ ದಿನದಲ್ಲಿ ಕೈಬಿಡಬೇಕಾಯಿತು. ನಾಲ್ಕೈದು ಸಾಕು. ಅಪ್ಪ, ಅಮ್ಮ, ಅಣ್ಣ ಯಂಗ್ವೆ, ಹೆಂಡತಿ ಲಿಂಡಾ. ಇನ್ನೊಂದು ಖಾತೆ ಮನುಷ್ಯರದ್ದಲ್ಲ, ‘ಬರವಣಿಗೆ’ ಅಂತ. ಅವನು ಬರೆಯಲು ಕೂತ ಕಡೆಯೆಲ್ಲ, ಬರೆಯಲಾಗದೆ ಎದ್ದ ಕಡೆಯೆಲ್ಲ ಅಲ್ಲಿಗೆ. ಐದನೇ ಸಂಪುಟದಲ್ಲಿ ಈ ಖಾತೆ ತುಂಬಿ ಹರಿಯುತ್ತದೆ. ಬರ್ಗೆನ್ನಿನ ಬರವಣಿಗೆ ಶಾಲೆಗೆ ಸೇರುತ್ತಾನೆ, ಅಲ್ಲಿ ಕಲಿಸುವವರಲ್ಲಿ ಒಬ್ಬರು ಯೂನ್ ಫೊಸ್ಸೆ, 2023ರಲ್ಲಿ ನೊಬೆಲ್ ಪಡೆದವರು. ಆಮೇಲೆ ವರ್ಷಗಟ್ಟಲೆ ಒಂದು ಸಾಲೂ ಸರಿಯಾಗಿ ಬರುವುದಿಲ್ಲ. ಮೊದಲ ಕಾದಂಬರಿ ಹೊರಬರುವುದು 1998ರಲ್ಲಿ. ಅಪ್ಪ ತೀರಿಕೊಂಡದ್ದೂ ಅದೇ ವರ್ಷ. ಎರಡು ಬೇರೆ ಖಾತೆಗಳಲ್ಲಿ ಒಂದೇ ಇಸವಿ ಬಂದು ಕೂತದ್ದು ನನಗೆ ಕಂಡದ್ದು ನೋಟ್‌ಬುಕ್ಕಿನಿಂದ. ಓದುವಾಗ ಕಂಡಿರಲಿಲ್ಲ.

ಅಪ್ಪನ ಖಾತೆಯ ಮೊದಲ ನಮೂದು ಹೇಗಿದೆ ನೋಡಿ. ಸಂಪುಟ 1, ಆರಂಭದ ಪುಟಗಳು. ಹುಡುಗನಿಗೆ ಎಂಟು ವರ್ಷ. ಟಿವಿ ವಾರ್ತೆಯಲ್ಲಿ ಮುಳುಗಿದ ಮೀನುಗಾರಿಕೆ ದೋಣಿಯ ಸುದ್ದಿ ಬರುತ್ತದೆ, ಸಮುದ್ರದ ನೀರು ತೋರಿಸುತ್ತಾರೆ. ಆ ನೀರಿನಲ್ಲಿ ಹುಡುಗನಿಗೆ ಒಂದು ಮುಖ ಕಾಣುತ್ತದೆ. ಓಡಿ ಹೊರಗೆ ಹೋಗುತ್ತಾನೆ. ಅಪ್ಪ ಹಿತ್ತಲಲ್ಲಿ ದೊಡ್ಡ ಸುತ್ತಿಗೆ ಹಿಡಿದು ಬಂಡೆ ಒಡೆಯುತ್ತಿದ್ದಾನೆ. ಹೇಳಬೇಕೋ ಬೇಡವೋ ಅಂತ ಹುಡುಗನಿಗೆ ಹೆದರಿಕೆ. ಇಷ್ಟೇ ಘಟನೆ. ಆದರೆ ಹೇಳುವವನು ನಡುವೆ ಒಂದು ಮಾತು ಸೇರಿಸುತ್ತಾನೆ: ಆಗ ಅಪ್ಪನಿಗೆ ಮೂವತ್ತೆರಡು ವರ್ಷ. ಬರೆಯುತ್ತಿರುವ ಮಗನಿಗೆ ಈಗ ಮೂವತ್ತೊಂಬತ್ತು. ಅಂದರೆ ದೊಡ್ಡವನು ಮಗ, ಚಿಕ್ಕವನು ಅಪ್ಪ. ಹಾಗಾಗಿ ವಯಸ್ಸಿನ ಕಾಲಂ ಬಿಡಬೇಡಿ. ಅದರಲ್ಲಿ ಮೂರು ಸಂಖ್ಯೆ ಬರೆಯಿರಿ, ಹುಡುಗನದ್ದು, ಅಪ್ಪನದ್ದು, ಬರೆಯುವವನದ್ದು. ನಾನು 8, 32, 39 ಅಂತ ಬರೆದು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನ ಅಪ್ಪ ತೀರಿಕೊಂಡು ಆರು ವರ್ಷ ಆಗಿದೆ. ನಾನು ಎಂಟು ವರ್ಷದವಳಿದ್ದಾಗ ಅವರಿಗೆ ಎಷ್ಟು ವಯಸ್ಸು ಅಂತ ಅವತ್ತಿನವರೆಗೆ ನಾನು ಲೆಕ್ಕ ಹಾಕಿರಲಿಲ್ಲ.

ಈಗ ಮೂರನೇ ಸಂಪುಟಕ್ಕೆ ಬನ್ನಿ. ಅದೇ ಅಪ್ಪ, ಅದೇ ಮನೆ, ಅದೇ ವಯಸ್ಸಿನ ಹುಡುಗ. ಆದರೆ ಇಲ್ಲಿ ಹೇಳುವವನು ಹುಡುಗನ ಎತ್ತರಕ್ಕೇ ಬಗ್ಗಿ ನಿಂತಿದ್ದಾನೆ. ಬರೆಯುತ್ತಿರುವ ಗಂಡಸು ಅಪರೂಪಕ್ಕೆ ಮಾತ್ರ ಬಾಯಿ ಬಿಡುತ್ತಾನೆ. ಅಪ್ಪನ ಹೆಜ್ಜೆ ಸಪ್ಪಳ, ಅಪ್ಪನ ಕಾರು ಬಂದದ್ದು, ಅಪ್ಪನ ಮುಖ ನೋಡಿ ಇವತ್ತು ಹೇಗಿದ್ದಾನೆ ಅಂತ ಅಳೆಯುವುದು, ಎಲ್ಲ ಕೆಳಗಿನಿಂದ ಮೇಲಕ್ಕೆ ನೋಡಿದ ಹಾಗಿದೆ. ಸಂಪುಟ 1ರ ಅಪ್ಪನನ್ನು ನಾವು ಅರ್ಥ ಮಾಡಿಕೊಳ್ಳಲು ಪ್ರಯತ್ನಿಸುತ್ತೇವೆ. ಸಂಪುಟ 3ರ ಅಪ್ಪನಿಗೆ ಹೆದರುತ್ತೇವೆ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಅತ್ಯಂತ ದೊಡ್ಡ ವ್ಯತ್ಯಾಸ ಇದೇ. ನಾಲ್ಕನೆಯದರಲ್ಲಿ ಅಪ್ಪ ಸಂಸಾರ ಮುರಿದುಕೊಂಡು, ಬೇರೆ ಮದುವೆಯಾಗಿ, ಕುಡಿತಕ್ಕೆ ಬಿದ್ದಿದ್ದಾನೆ. ಮಗನೂ ಕುಡಿಯುತ್ತಾನೆ. ಎರಡೂ ನಮೂದುಗಳನ್ನು ಎದುರುಬದುರು ಬರೆಯಿರಿ.

ಇನ್ನೊಂದು ಸಂಗತಿ. ಅಪ್ಪನ ಖಾತೆಯ ತಲೆಯ ಮೇಲೆ ಹೆಸರು ಬರೆಯಲು ಹೋದರೆ ಹೆಸರೇ ಸಿಗುವುದಿಲ್ಲ. ಅಣ್ಣ, ಹೆಂಡತಿ, ಮಕ್ಕಳು, ಗೆಳೆಯರು ಎಲ್ಲರಿಗೂ ಹೆಸರಿದೆ. ಅತಿ ಹೆಚ್ಚು ಪುಟ ತುಂಬಿದ ಮನುಷ್ಯ ಬರೀ ‘ಅಪ್ಪ’. ಕುಟುಂಬದವರ ವಿರೋಧದಿಂದ ಆ ಹೆಸರು ಬಳಸಲಾಗಲಿಲ್ಲ, ಈ ಬಗ್ಗೆ ಆರನೇ ಸಂಪುಟದಲ್ಲಿ ಬಹಳ ಯೋಚಿಸುತ್ತಾನೆ. ಹೆಸರು ಅಂದರೆ ಏನು, ಹೆಸರು ತೆಗೆದರೆ ಮನುಷ್ಯ ಏನಾಗುತ್ತಾನೆ ಅಂತ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲೂ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಹಂತ 3: ಎರಡು ಸಲ ಬಂದ ಘಟನೆ ಹುಡುಕಿ

ಸಮಯ ಕಡಿಮೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಈ ಒಂದು ಹಂತ ಮಾಡಿ. ಒಂದೇ ಘಟನೆ ಎರಡು ಸಂಪುಟದಲ್ಲಿ ಬಂದಿದ್ದರೆ ಆ ಎರಡು ಜಾಗಗಳನ್ನು ಒಟ್ಟಿಗೆ ಇಟ್ಟು ಓದಿ. ಒಂದೇ ದಿನ, ಒಂದೇ ಕೂತಲ್ಲಿ. ನಡುವೆ ತಿಂಗಳು ಕಳೆದರೆ ನಿಮ್ಮ ನೆನಪೇ ಮೊದಲನೆಯದನ್ನು ತಿದ್ದಿಬಿಟ್ಟಿರುತ್ತದೆ.

ಅಪ್ಪನ ಸಾವನ್ನೇ ತೆಗೆದುಕೊಳ್ಳಿ. ಸಂಪುಟ 1ರ ಎರಡನೇ ಅರ್ಧ ಪೂರ್ತಿ ಅದಕ್ಕೇ ಮೀಸಲು. ಅಪ್ಪ ಕೊನೆಯ ದಿನಗಳಲ್ಲಿ ತನ್ನ ತಾಯಿಯ ಮನೆಯಲ್ಲಿ ಕುಡಿದು ಕುಡಿದು ಸತ್ತಿದ್ದಾನೆ. ಅಣ್ಣತಮ್ಮ ಇಬ್ಬರೂ ಆ ಮನೆಗೆ ಹೋಗುತ್ತಾರೆ. ಎಲ್ಲೆಲ್ಲೂ ಬಾಟಲಿ, ಕೊಳೆ, ನಾತ. ಅಜ್ಜಿ ಅಲ್ಲೇ ಕೂತಿದ್ದಾಳೆ. ಆಮೇಲೆ ಶುರುವಾಗುತ್ತದೆ ತೊಳೆಯುವುದು. ಯಾವ ದ್ರಾವಣ, ಯಾವ ಬಟ್ಟೆ, ಮೊದಲು ಯಾವ ಕೋಣೆ, ಮೆಟ್ಟಿಲಿನ ಕಟಕಟೆ, ಕಿಟಕಿ. ಪುಟಗಟ್ಟಲೆ ತೊಳೆಯುತ್ತಾನೆ, ನಡುನಡುವೆ ಅಳುತ್ತಾನೆ, ಮತ್ತೆ ತೊಳೆಯುತ್ತಾನೆ. ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಹೆಣ ಎತ್ತಿದ ಮೇಲೆ ಮನೆ ಸಾರಿಸಿ ತೊಳೆಯುತ್ತಾರಲ್ವಾ, ಆದರೆ ಆ ಕೆಲಸ ನೆರೆಹೊರೆಯವರದ್ದು, ಮನೆಯವರಿಗೆ ಕೈ ಹಾಕಲು ಬಿಡುವುದಿಲ್ಲ. ಇಲ್ಲಿ ಮಗನೇ ತೊಳೆಯುತ್ತಾನೆ. ಆ ಪುಟಗಳು ಬೇಜಾರು ಅಂತ ಕೆಲವರು ಹಾರಿಸುತ್ತಾರೆ, ದಯವಿಟ್ಟು ಹಾರಿಸಬೇಡಿ. ಅತ್ತು ಮುಗಿಸಲಾಗದ್ದನ್ನು ಅವನು ಕೈಯಿಂದ ಮಾಡಿ ಮುಗಿಸಲು ನೋಡುತ್ತಿದ್ದಾನೆ.

ಈಗ ಸಂಪುಟ 5 ತೆಗೆಯಿರಿ. ಬರ್ಗೆನ್ನಿನ 14 ವರ್ಷದ ಕಥೆಯ ನಡುವೆ ಅದೇ 1998 ಬರುತ್ತದೆ. ಅದೇ ಸಾವಿನ ಸುದ್ದಿ. ಸುಮಾರು ಅರ್ಧ ಪುಸ್ತಕ ತುಂಬಿದ್ದ ಸಂಗತಿ ಇಲ್ಲಿ ಕೆಲವೇ ಪುಟದಲ್ಲಿ ದಾಟಿ ಹೋಗುತ್ತದೆ. ಮೊದಲ ಸಲ ಓದಿದಾಗ ನನಗೆ ಮೋಸ ಅನಿಸಿತು. ಖತಾವಣಿಯಲ್ಲಿ ಎರಡೂ ನಮೂದನ್ನು ಒಂದರ ಕೆಳಗೊಂದು ಬರೆದಾಗ ಬೇರೆ ಕಂಡಿತು. ಮೊದಲನೆಯದರಲ್ಲಿ ಸಾವೇ ಕೇಂದ್ರ, ಅವನ ಯೌವನವೆಲ್ಲ ಅದರ ಸುತ್ತ ತಿರುಗುತ್ತದೆ. ಐದನೆಯದರಲ್ಲಿ ಯೌವನವೇ ಕೇಂದ್ರ, ಸಾವು ಅದರ ಹಾದಿಯಲ್ಲಿ ಸಿಕ್ಕ ಒಂದು ಊರು. ಎರಡೂ ನಿಜ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅಪ್ಪ ಹೋದ ವಾರದ ಒಂದೊಂದು ಗಂಟೆಯೂ ನನಗೆ ಬಿಡಿಬಿಡಿಯಾಗಿ ನೆನಪಿದೆ. ಆದರೆ ಆ ವರ್ಷ ಏನೇನಾಯಿತು ಅಂತ ಯಾರಾದರೂ ಕೇಳಿದರೆ, ನೌಕರಿ ಬದಲಾಯಿಸಿದೆ, ಮಗಳು ಶಾಲೆಗೆ ಸೇರಿದಳು, ಅಪ್ಪ ತೀರಿಕೊಂಡರು ಅಂತ ಒಂದೇ ಉಸಿರಲ್ಲಿ ಹೇಳುತ್ತೇನೆ.

ಎರಡು ಜಾಗ ಹೋಲಿಸುವಾಗ ಈ ಪ್ರಶ್ನೆಗಳನ್ನು ಕೇಳಿ. ಯಾವ ವಿವರ ಎರಡರಲ್ಲೂ ಇದೆ? ಒಂದರಲ್ಲಿ ಮಾತ್ರ ಇರುವುದು ಯಾವುದು? ಯಾರು ಕಾಣೆಯಾಗಿದ್ದಾರೆ? ಘಟನೆಯ ಹಿಂದಿನ ಪುಟದಲ್ಲಿ ಏನಿದೆ, ಮುಂದಿನ ಪುಟದಲ್ಲಿ ಏನಿದೆ? ಕೊನೆಯ ಪ್ರಶ್ನೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಂತ 4: ತೂಕ ಹಾಕಿ

ಇದು ಬರೀ ಗಣಿತ, ಅರ್ಧ ದಿನದ ಕೆಲಸ. ಒಂದು ಸಂಪುಟ ಬದುಕಿನ ಎಷ್ಟು ಕಾಲವನ್ನು ಎಷ್ಟು ಪುಟದಲ್ಲಿ ಹೇಳುತ್ತದೆ ಅಂತ ನೋಡಿ. ಐದನೆಯದರಲ್ಲಿ 14 ವರ್ಷಕ್ಕೆ 600ಕ್ಕೂ ಹೆಚ್ಚು ಪುಟ, ಅಂದರೆ ವರ್ಷಕ್ಕೆ ನಲವತ್ತು ಚಿಲ್ಲರೆ. ಒಂದನೆಯದರ ಎರಡನೇ ಭಾಗದಲ್ಲಿ ಕೆಲವೇ ದಿನಗಳಿಗೆ 200ರ ಹತ್ತಿರ. ನಾಲ್ಕನೆಯದು ಹೆಚ್ಚುಕಡಿಮೆ ಒಂದು ಶಾಲಾ ವರ್ಷ, ನಡುವೆ ಹಿಂದಿನ ನೆನಪು. ಎರಡನೆಯದು ಸ್ವಲ್ಪ ತಲೆ ತಿನ್ನುತ್ತದೆ. ಯಾಕಂದರೆ ಒಂದು ದಿನದ ಕಥೆ ಶುರು ಮಾಡಿ, ಅದರೊಳಗೆ ಇನ್ನೊಂದು ನೆನಪು, ಅದರೊಳಗೆ ಮತ್ತೊಂದು, ಹೀಗೆ ಹಿಂದೆ ಹಿಂದೆ ಹೋಗಿ ನೂರಾರು ಪುಟ ಆದ ಮೇಲೆ ಮೊದಲಿನ ಜಾಗಕ್ಕೆ ಬರುತ್ತಾನೆ. ಅದಕ್ಕೆ ಬೇರೆ ಹಾಳೆ ಇಟ್ಟುಕೊಂಡು, ಒಳಗೆ ಹೋದ ಪುಟ, ಹೊರಗೆ ಬಂದ ಪುಟ ಎರಡನ್ನೂ ಬರೆಯಿರಿ.

ಲೇಖಕನ ಕೈ ಎಲ್ಲಿ ನಿಧಾನವಾಗುತ್ತದೋ ಅಲ್ಲಿ ಅವನಿಗೆ ಭಾರ ಇದೆ. ಅಪ್ಪನ ಖಾತೆ ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ಹಿಡಿಯಿತು. ಅಮ್ಮನದ್ದು ಒಂದೂವರೆ. ಇದನ್ನು ಮುಂದೆ ಮತ್ತೆ ಎತ್ತುತ್ತೇನೆ.

ಹಂತ 5: ಕಥೆ ನಿಂತು ಯೋಚನೆ ಶುರುವಾಗುವ ಕಡೆ ಗುರುತು ಹಾಕಿ

ಕೆಲವು ಸಂಪುಟಗಳಲ್ಲಿ ಅವನು ಕಥೆ ನಿಲ್ಲಿಸಿ ಸಾವು, ಚಿತ್ರಕಲೆ, ಊರು, ಮಕ್ಕಳ ಬಗ್ಗೆ ಪುಟಗಟ್ಟಲೆ ಯೋಚಿಸುತ್ತಾನೆ. 1, 2, 6ರಲ್ಲಿ ಇದು ಜಾಸ್ತಿ. 3, 4, 5ರಲ್ಲಿ ಕಡಿಮೆ, ಅಲ್ಲಿ ಕಥೆ ನೇರ ಓಡುತ್ತದೆ. ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಹಾಕುತ್ತಾ ಹೋದರೆ ಸಾಕು, ಪುಸ್ತಕದ ಬದಿಯಿಂದ ನೋಡಿದರೇ ಯಾವುದರಲ್ಲಿ ಎಷ್ಟು ಅಂತ ಅಂದಾಜು ಸಿಗುತ್ತದೆ.

ಆರನೇ ಸಂಪುಟ ಇಂಗ್ಲಿಷಿನಲ್ಲಿ 1,100ಕ್ಕೂ ಹೆಚ್ಚು ಪುಟ. ಅದರ ನಡುವೆ ಸುಮಾರು 400 ಪುಟದ ಒಂದು ಪ್ರಬಂಧವೇ ಇದೆ. ಯಹೂದಿ ಕವಿ ಪೌಲ್ ಸೆಲಾನ್‌ನ ಒಂದು ಕವಿತೆಯನ್ನು ಸಾಲು ಸಾಲಾಗಿ ಬಿಡಿಸುತ್ತಾ, ಅಲ್ಲಿಂದ ಹಿಟ್ಲರನ ಯೌವನಕ್ಕೆ ಹೋಗುತ್ತಾನೆ. ಸರಣಿಯ ಹೆಸರೇ ಹಿಟ್ಲರನ ‘ಮೈನ್ ಕಾಂಪ್’ ಪುಸ್ತಕದ್ದು, ಆ ಸಾಲ ಇಲ್ಲಿ ತೀರಿಸುತ್ತಾನೆ ಅನ್ನಬಹುದು. ಇಲ್ಲಿ ಬಹಳ ಜನ ಪುಸ್ತಕ ಮುಚ್ಚುತ್ತಾರೆ. ನಾನು ಹೇಳುವುದು: ಈ ಭಾಗವನ್ನು ದಿನಕ್ಕೆ 15 ಪುಟದಂತೆ ಓದಿ, ಆಗಲೇ ಹೇಳಿದ ‘ಹೆಸರಿಲ್ಲದ ಅಪ್ಪ’ನ ಪುಟ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಕವಿತೆಯಲ್ಲಿ ಅವನು ಹುಡುಕುತ್ತಿರುವುದೂ ಹೆಸರಿಲ್ಲದವರನ್ನೇ. ಜನರಿಂದ ಹೆಸರು ಕಿತ್ತುಕೊಂಡು ಅವರನ್ನು ಸಂಖ್ಯೆ ಮಾಡಿದ ಕಾಲದ ಬಗ್ಗೆ ಅವನು ಬರೆಯುವಾಗ, ನಿಮ್ಮ ಖಾತೆಯ ಖಾಲಿ ತಲೆಬರಹ ಬೇರೆಯಾಗಿ ಕಾಣುತ್ತದೆ.

ಹಂತ 6: ಮೊದಲನೆಯದನ್ನು ಕೊನೆಯದರ ಪಕ್ಕದಲ್ಲಿಡಿ

ಆರನೇ ಸಂಪುಟ ಶುರುವಾಗುವುದು ಮೊದಲನೆಯದು ಅಚ್ಚಿಗೆ ಹೋಗುವ ಮುಂಚಿನ ದಿನಗಳಿಂದ. ಹಸ್ತಪ್ರತಿ ಓದಿದ ಚಿಕ್ಕಪ್ಪ, ಕಾದಂಬರಿಯಲ್ಲಿ ಅವನ ಹೆಸರು ಗುನ್ನಾರ್, ಇದೆಲ್ಲ ಸುಳ್ಳು ಅನ್ನುತ್ತಾನೆ. ಕೋರ್ಟಿಗೆ ಹೋಗುವ ಬೆದರಿಕೆ ಹಾಕುತ್ತಾನೆ. ಆಗ ಲೇಖಕನಿಗೇ ಅನುಮಾನ ಶುರು. ಆ ಬಾಟಲಿಗಳು ನಿಜವಾಗಿಯೂ ಅಷ್ಟೊಂದು ಇದ್ದವಾ? ಮನೆ ಅಷ್ಟು ಕೊಳಕಾಗಿತ್ತಾ? ಅಥವಾ ನಾನೇ ಕಟ್ಟಿಕೊಂಡೆನಾ? ನಾವು ಸಂಪುಟ 1ರಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ನೋಡಿದ ಆ ಮನೆ, ಸಂಪುಟ 6ರಲ್ಲಿ ಅಲುಗಾಡುತ್ತದೆ.

ಇಲ್ಲಿ ಒಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ. ಓದುಗರು ಪತ್ತೇದಾರರಾಗಿ ಬಿಡುತ್ತಾರೆ. ಯಾರು ಹೇಳಿದ್ದು ನಿಜ ಅಂತ ಅಂತರ್ಜಾಲದಲ್ಲಿ ಹುಡುಕುತ್ತಾರೆ, ಹೆಂಡತಿಯ ಫೋಟೋ ನೋಡುತ್ತಾರೆ. ಬೇಡ. ಅವನು ಇದನ್ನು ಕಾದಂಬರಿ ಅಂತ ಕರೆದಿದ್ದಾನೆ. ನಿಮ್ಮ ಹೋಲಿಕೆ ಪುಟಕ್ಕೂ ಪುಟಕ್ಕೂ ನಡುವೆ ಇರಲಿ. ಸಂಪುಟ 1ರ ‘ನಾನು’ಗೆ ತನ್ನ ನೆನಪಿನ ಮೇಲೆ ಎಷ್ಟು ನಂಬಿಕೆ, ಸಂಪುಟ 6ರ ‘ನಾನು’ಗೆ ಎಷ್ಟು, ಇದನ್ನು ಬರೆಯಿರಿ. ಅದರ ಜೊತೆಗೆ, ಬರೆಯಿಸಿಕೊಂಡವರ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊನೆಯ ಸಂಪುಟದಲ್ಲಿ ಲಿಂಡಾಳ ಮನಸ್ಸಿನ ಆರೋಗ್ಯ ಕುಸಿಯುವ ಭಾಗ ಇದೆ. ಎರಡನೇ ಸಂಪುಟದ ಪ್ರೀತಿಯ ಪುಟಗಳನ್ನು ಓದಿ ನೇರವಾಗಿ ಇದಕ್ಕೆ ಬಂದರೆ, ಎದೆ ಭಾರವಾಗುತ್ತದೆ. ಬರೆಯುವುದಕ್ಕೆ ಅವನಿಗೆ ಹಕ್ಕಿತ್ತಾ? ನನ್ನ ನಿಲುವು ಹೇಳಿಬಿಡುತ್ತೇನೆ: ಅಪ್ಪನ ಬಗ್ಗೆ ಬರೆಯಲು ಇತ್ತು, ಅಜ್ಜಿಯ ಬಗ್ಗೆ ಅಷ್ಟು ಬರೆಯಬಾರದಿತ್ತು. ಪಕ್ಕದ ಮನೆ ಹುಡುಗ ಇದನ್ನು ಒಪ್ಪುವುದಿಲ್ಲ, "ಅಜ್ಜಿ ಇಲ್ಲದ ಆ ಮನಿ ಹೆಂಗ್ ತೋರಿಸ್ತಿದ್ದ ಹೇಳ್ರಿ" ಅಂತಾನೆ. ಅವನ ಮಾತಲ್ಲೂ ಹುರುಳಿದೆ.

ಹಂತ 7: ಬರೆಯುವಾಗ

ನಕ್ಷತ್ರ ಕೊಡಬೇಡಿ, ಅಂಕ ಹಾಕಬೇಡಿ. ಒಂದು ಖಾತೆಯನ್ನು ಆರಿಸಿ, ಅದರ ಮೊದಲ ನಮೂದು, ನಡುವಿನ ಒಂದು, ಕೊನೆಯದು, ಈ ಮೂರನ್ನು ಇಟ್ಟುಕೊಂಡು ನಾಲ್ಕು ಪುಟ ಬರೆಯಿರಿ. ಆರು ಸಂಪುಟದ ಸಾರಾಂಶ ಬರೆದರೆ ಯಾರೂ ಓದುವುದಿಲ್ಲ, ಬರೆದವರಿಗೂ ಏನೂ ಸಿಗುವುದಿಲ್ಲ. ‘ಅಣ್ಣ ಯಂಗ್ವೆ, ಸಂಪುಟ 3ರಲ್ಲಿ ಮತ್ತು 1ರಲ್ಲಿ’ ಅಂತ ಬರೆದರೆ ಅದರಲ್ಲಿ ಇಡೀ ಸರಣಿ ತಾನಾಗಿ ಬರುತ್ತದೆ.

ಇದೇ ವಿಧಾನ ಕನ್ನಡದ ಪುಸ್ತಕಗಳಿಗೂ ಹೊಂದುತ್ತದೆ. ಮಾಸ್ತಿಯವರ ಆತ್ಮಕಥೆ ‘ಭಾವ’ ಮೂರು ಸಂಪುಟ. ನಮ್ಮ ಜಿಲ್ಲೆಯ ಹಲಸಂಗಿಯಲ್ಲೇ ಇದ್ದ ಮಧುರಚೆನ್ನರು ತಮ್ಮ ಒಳಗಿನ ಹುಡುಕಾಟವನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಅಂತ ಬಿಡಿಬಿಡಿಯಾಗಿ ಬರೆದರು. ಇವು ಕಾದಂಬರಿಗಳಲ್ಲ, ಆದರೆ ಎರಡು ಗಡಿಯಾರದ ಪಟ್ಟಿ ಇವುಗಳಿಗೂ ಬರೆಯಬಹುದು. ಹೊರಗಿನ ಘಟನೆ ಕಡಿಮೆ ಇರುವ ಕಡೆ ಜನರ ಹೆಸರಿನ ಖಾತೆ ಬದಲು ‘ಸಂಶಯ’, ‘ಭಯ’ ಅಂತ ಖಾತೆ ತೆರೆಯಿರಿ.

ಎಷ್ಟು ಸಮಯ ಬೇಕು? ದಿನಕ್ಕೆ 25 ಪುಟ ಓದಿದರೆ ಆರೂ ಸಂಪುಟಕ್ಕೆ ಐದು ತಿಂಗಳು. ಎಲ್ಲ ಬೇಡ ಅನ್ನುವವರಿಗೆ 1, 3, 5 ಮತ್ತು 6ರ ಮೊದಲ ಭಾಗ ಸಾಕು, ಅಪ್ಪನ ಖಾತೆ ಪೂರ್ತಿಯಾಗುತ್ತದೆ. ಸಂಸಾರದ ಕಥೆ ಬೇಕು ಅನ್ನುವವರು 2 ಮತ್ತು 6 ಓದಿ. ನಮೂದನ್ನು ಅದೇ ದಿನ ಹಾಕಿ, ನಾಳೆಗೆ ಬಿಟ್ಟರೆ ಹತ್ತು ಆಗುತ್ತವೆ.

ಅಮ್ಮನ ಖಾತೆಯ ಮಾತು ಉಳಿದಿತ್ತು. ಮೂರನೇ ಸಂಪುಟದಲ್ಲಿ ಒಂದು ಕಡೆ ಅವನೇ ನಿಂತು ಕೇಳಿಕೊಳ್ಳುತ್ತಾನೆ, ಅಮ್ಮ ಎಲ್ಲಿದ್ದಳು ಅಂತ. ದಿನವೂ ಇದ್ದಳು, ಅಡುಗೆ ಮಾಡಿದಳು, ನೋಡಿಕೊಂಡಳು, ಆದರೆ ನೆನಪಿನಲ್ಲಿ ತುಂಬಿಕೊಂಡಿರುವುದು ಅಪ್ಪ. ಅವಳಿಲ್ಲದಿದ್ದರೆ ತಾನು ಉಳಿಯುತ್ತಿರಲಿಲ್ಲ ಅನ್ನುವುದೂ ಅವನಿಗೆ ಗೊತ್ತು. ಇದನ್ನು ಓದಿದ ರಾತ್ರಿ ನಾನು ಈ ಬರಹದ ಮೊದಲ ಸಾಲುಗಳನ್ನು ಯೋಚಿಸುತ್ತಿದ್ದೆ, ಅಪ್ಪ, ಅಂಗಡಿ, ಕೆಂಪು ವಹಿ. ಕೆಳಗೆ ಅಮ್ಮ ನಾಳಿನ ರೊಟ್ಟಿಗೆ ಹಿಟ್ಟು ಸಾಣಿಸುತ್ತಿದ್ದ ಸಪ್ಪಳ ಕೇಳುತ್ತಿತ್ತು. ಈ ವಾರದಿಂದ ಮೂರನೇ ಸಂಪುಟ ಮತ್ತೆ ತೆಗೆದಿದ್ದೇನೆ, ಈ ಸಲ ಅಮ್ಮ ಬರುವ ಸಾಲುಗಳಿಗೆ ಮಾತ್ರ ಗುರುತು ಹಾಕುತ್ತಾ. ನಲವತ್ತು ಪುಟ ಆಗಿದೆ. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾಳೆ.